ಸೂಜಿಯಕ್ಕನ ಮೊದಲನೇ ಗೇರ್

ಆರು ಬೈಕುಗಳು ಬೀಳುವುದಕ್ಕೆ ಎಷ್ಟು ಹೊತ್ತು ಬೇಕು ಹೇಳಿ? ಒಂದು ಸೀನು ಸೀನುವಷ್ಟು ಹೊತ್ತು ಸಾಕು.

ಅವಳು ಬ್ರೇಕ್ ಹಿಡಿದಿದ್ದಳು... ಹಿಡಿದಿದ್ದೇನೆ ಅಂದುಕೊಂಡಿದ್ದಳು. ಆದರೆ ಗಾಬರಿಯಲ್ಲಿ ಬಲಗೈ ಬ್ರೇಕಿನ ಜೊತೆಗೆ ಆಕ್ಸಿಲರೇಟರನ್ನೂ ತಿರುವಿಬಿಟ್ಟಿತ್ತು. ಗಾಡಿ ಒಂದು ಸಲ ಕೆಮ್ಮಿ, ಮುಂದಕ್ಕೆ ಜಿಗಿದು, ಗ್ಯಾರೇಜಿನ ಮುಂದೆ ಸಾಲಾಗಿ ನಿಂತಿದ್ದ ಬೈಕುಗಳಲ್ಲಿ ಮೊದಲನೆಯದಕ್ಕೆ ಹೋಗಿ ಗುದ್ದಿತು. ಮೊದಲನೆಯದು ಎರಡನೆಯದರ ಮೇಲೆ, ಎರಡನೆಯದು ಮೂರನೆಯದರ ಮೇಲೆ... ಕೊನೆಯದರ ಕನ್ನಡಿ ಒಡೆದು ಚರಂಡಿಯ ತನಕ ಉರುಳಿಹೋಯಿತು.

ಬಸ್ ಸ್ಟಾಪಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಎದುರಿನ ಔಷಧದಂಗಡಿಯವರು ಕೌಂಟರ್ ಬಿಟ್ಟು ಹೊರಗೆ ಬಂದರು. ಅವಳು ಒಂದು ಕಾಲು ಗಾಡಿಯ ಕೆಳಗೆ ಸಿಕ್ಕಿಕೊಂಡು, ಎದೆಗೆ ಅಡ್ಡವಾಗಿ ನೇತುಹಾಕಿಕೊಂಡಿದ್ದ ಡಬ್ಬಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಕೂತಿದ್ದಳು.

ಆಗ ಆ ನಗು ಕೇಳಿಸಿತು.

ಗ್ಯಾರೇಜಿನ ಒಳಗಿಂದ ಬಂದ ಗಂಡಸಿನ ನಗು. ತಡೆದುಕೊಳ್ಳಲು ನೋಡಿ, ತಡೆಯಲಾಗದೆ ಹೊಟ್ಟೆಯಿಂದ ಒಡೆದುಬಂದ ನಗು. ಅದರ ಹಿಂದೆಯೇ ಅವನೂ ಬಂದ. ಮೊಣಕೈ ತನಕ ಗ್ರೀಸು, ಕಿವಿಯ ಮೇಲೊಂದು ಪೆನ್ಸಿಲು, ಮುಖದ ತುಂಬ ಇನ್ನೂ ಆರದ ನಗು.

ಬಂದವನು ಒಂದೇ ಕೈಯಲ್ಲಿ ಅವಳ ಗಾಡಿಯನ್ನು ಎತ್ತಿ ನಿಲ್ಲಿಸಿದ. ಕಾಲಿಗೇನಾದರೂ ಆಯಿತೇ ಎಂದು ಕೇಳಿದ. ಅವಳು ಇಲ್ಲವೆಂದು ತಲೆಯಾಡಿಸಿದಳು. ಮೊಣಕಾಲು ತರಚಿ ರಕ್ತ ಬರುತ್ತಿತ್ತು, ಆದರೆ ಅದು ಅವಳ ಗಮನಕ್ಕೇ ಬರಲಿಲ್ಲ. ಭೂಮಿ ಬಾಯಿ ಬಿಡಬಾರದೇ... ಈಗಲೇ, ಇಲ್ಲೇ, ಈ ಚರಂಡಿಯ ಪಕ್ಕದಲ್ಲೇ!

"ಲೈಸೆನ್ಸ್ ಇದೆ ತಾನೆ?" ಎಂದ ಅವನು, ನಗು ಆರಿರಲಿಲ್ಲ.

"ಇದೆ," ಎಂದಳು. ಅದೊಂದು ಮಾತು ನಿಜ.

ಅವಳು ಗಾಡಿಯನ್ನು ಹತ್ತಲಿಲ್ಲ. ಬೀದಿಯ ಕೊನೆಯವರೆಗೂ ತಳ್ಳಿಕೊಂಡೇ ಹೋದಳು. ಬೆನ್ನಿಗೆ ನೂರು ಕಣ್ಣು ಅಂಟಿಕೊಂಡಿದ್ದವು, ಕಿವಿಯಲ್ಲಿ ಆ ಒಂದು ನಗು.

* * *

ಇಷ್ಟಕ್ಕೂ ಇವಳು ಯಾರು ಅಂತ ಹೇಳಬೇಕಲ್ಲ. ಒಂದು ಸಣ್ಣ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಐದು ವರ್ಷ ಹಿಂದಿನ ಕೋಣೆಯಲ್ಲಿ ಟ್ಯೂಬುಗಳನ್ನು ಯಂತ್ರಕ್ಕೆ ಹಾಕಿ ತಿರುಗಿಸಿದವಳು. ಮನೆಮನೆಗೆ ಹೋಗಿ ರಕ್ತ ತರುತ್ತಿದ್ದವರು ಬೇರೆ ಊರಿಗೆ ಹೋದಾಗ, ಲ್ಯಾಬಿನ ಒಡತಿ ಡಾಕ್ಟರಮ್ಮ ಇವಳನ್ನು ಕರೆದು ಕೇಳಿದರು: ಬೈಕ್ ಓಡಿಸೋಕೆ ಬರುತ್ತಾ?

"ಬರುತ್ತೆ ಮೇಡಂ."

ಬರುತ್ತಿದ್ದದ್ದು ಎಷ್ಟು? ಭಾವನ ಬೈಕಿನಲ್ಲಿ ಎಂಟು ಭಾನುವಾರ ಖಾಲಿ ಮೈದಾನ ಸುತ್ತಿದ್ದಳು. ಲೈಸೆನ್ಸಿನ ಪರೀಕ್ಷೆಯಲ್ಲಿ ಮೊದಲನೇ ಗೇರಿನಲ್ಲೇ ಎಂಟು ಬರೆದು ಪಾಸಾಗಿದ್ದಳು. ಎರಡನೇ ಗೇರು ಅನ್ನುವುದು ಇದೆ ಎಂದು ಗೊತ್ತಿತ್ತು, ಪರಿಚಯ ಇರಲಿಲ್ಲ.

ಇನ್ನು ಅವಳಮ್ಮ! ಮಗಳ ಕೈಗೆ ಲ್ಯಾಬಿನ ಗಾಡಿ ಬಂದ ದಿನದಿಂದ ನೆರೆಹೊರೆಗೆಲ್ಲ ಸಾರಿಕೊಂಡು ಬಂದಿದ್ದರು. ಅಕ್ಕನ ಅತ್ತೆಯ ಕಿವಿಗೂ ಸುದ್ದಿ ಮುಟ್ಟಿತ್ತು. ಈಗ ಹೋಗಿ ನನಗೆ ಬರೋದಿಲ್ಲ ಅನ್ನುವುದು ಹೇಗೆ?

ಸೂಜಿ ಹಿಡಿದರೆ ಮಾತ್ರ ಅವಳ ಕೈಯೇ ಬೇರೆ. ಎಂಥ ಅಡಗಿದ ನರವೂ ಒಂದೇ ಚುಚ್ಚಿಗೆ ಸಿಗುತ್ತಿತ್ತು. ಎರಡೇ ವಾರದಲ್ಲಿ ಮನೆಮನೆಯವರು ಅವಳನ್ನು ಸೂಜಿಯಕ್ಕ ಎಂದು ಕರೆಯತೊಡಗಿದರು. ನಾವೂ ಹಾಗೇ ಕರೆಯೋಣ.

ಆರು ಬೈಕು ಬಿದ್ದ ಮರುದಿನದಿಂದ ಸೂಜಿಯಕ್ಕ ಒಂದು ಉಪಾಯ ಮಾಡಿದಳು. ಬೆಳಗ್ಗೆ ಆರಕ್ಕೆ ಲ್ಯಾಬಿನ ಅಂಗಳದಲ್ಲಿ ಹೆಲ್ಮೆಟ್ ಹಾಕಿಕೊಂಡು, ಎಲ್ಲರಿಗೂ ಕಾಣುವ ಹಾಗೆ ಗಾಡಿ ಶುರುಮಾಡಿ, ಮೊದಲನೇ ಗೇರಿನಲ್ಲಿ ಗುರುಗುಟ್ಟಿಸುತ್ತ ಗೇಟು ದಾಟುತ್ತಿದ್ದಳು. ಇನ್ನೂರು ಹೆಜ್ಜೆ ಆಚೆಗೆ ಒಂದು ಮುಚ್ಚಿದ ಚಿತ್ರಮಂದಿರ. ಅದರ ಹಿಂದಿನ ಗೋಡೆಯ ಮರೆಯಲ್ಲಿ ಗಾಡಿ ನಿಲ್ಲಿಸಿ, ಬೀಗ ಹಾಕಿ, ಬಸ್ಸು ಹತ್ತುತ್ತಿದ್ದಳು. ಹೆಲ್ಮೆಟ್ಟು ಮಾತ್ರ ತೋಳಿನಲ್ಲಿ ನೇತಾಡುತ್ತಿರಬೇಕು, ಮನೆಯವರಿಗೆ ಅನುಮಾನ ಬರಬಾರದಲ್ಲ! ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದ ಹಾಗೆ.

ಒಂದು ಸುಳ್ಳು ಒಂಟಿಯಾಗಿ ಬದುಕುವುದಿಲ್ಲ. ಬೈಕಿನಲ್ಲಿ ಒಂದು ಗಂಟೆಯ ಕೆಲಸ ಬಸ್ಸಿನಲ್ಲಿ ಎರಡೂವರೆ ಗಂಟೆ. ಪ್ರತಿ ಟ್ಯೂಬಿನ ಮೇಲೂ ರಕ್ತ ತೆಗೆದ ಸಮಯ ಬರೆಯಬೇಕು, ಅದು ಲ್ಯಾಬಿನ ನಿಯಮ. ಏಳೂಕಾಲಕ್ಕೆ ತೆಗೆದದ್ದನ್ನು ಬಸ್ಸಿನ ಸೀಟಿನಲ್ಲಿ ಕೂತು ಎಂಟೂಕಾಲು ಎಂದು ಬರೆದಾಗ ಮೊದಲ ದಿನ ಅವಳ ಕೈ ನಡುಗಿತ್ತು. ಎರಡನೇ ವಾರಕ್ಕೆ ನಡುಗಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ನಾಚಿಕೆಯಾದದ್ದು.

* * *

ಹೊಸದಾಗಿ ಬಂದ ಪಟ್ಟಿಯಲ್ಲಿ ಒಂದು ವಿಳಾಸವನ್ನು ಅವಳು ಎರಡು ಸಲ ಓದಿದಳು. ಅದೇ ಬೀದಿ. ಅದೇ ಗ್ಯಾರೇಜು. ಅದರ ಮೇಲಿನ ಮಹಡಿ.

ಬಾಗಿಲು ತೆರೆದವನು ಅವನೇ! ಈಗ ಗ್ರೀಸು ಇರಲಿಲ್ಲ, ತಲೆ ಒದ್ದೆಯಾಗಿತ್ತು.

"ಓ, ನೀವು..." ಎಂದು ದಾರಿ ಬಿಟ್ಟ.

ಒಳಗೆ ಮಂಚದ ಮೇಲೆ ಅವನ ದೊಡ್ಡಮ್ಮ. ತಾಯಿಯಿಲ್ಲದ ಅವನನ್ನು ಸಾಕಿದವರು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರವರ ಮಾತನ್ನೆಲ್ಲ ಜೋಡಿಸಿಕೊಟ್ಟ ಹೆಂಗಸು, ಈಗ ಹೃದಯದ ಕಾಯಿಲೆ. ಅವರ ನರಗಳು ನೂಲಿನ ಎಳೆಯಷ್ಟು ಸಣ್ಣ. ಸೂಜಿಯಕ್ಕ ಅವರ ಕೈಯನ್ನು ತನ್ನ ಅಂಗೈಯಲ್ಲಿ ಬೆಚ್ಚಗೆ ಉಜ್ಜಿದಳು. ಅವನು ಟಾರ್ಚ್ ಹಿಡಿದು ನಿಂತ. ಒಂದೇ ಚುಚ್ಚು.

"ಮುಗೀತಾ?" ದೊಡ್ಡಮ್ಮ ಕಣ್ಣುಬಿಟ್ಟರು. "ಗೊತ್ತೇ ಆಗಲಿಲ್ಲವಲ್ಲೇ ತಾಯಿ."

ಅವಳನ್ನು ಕಳಿಸಲು ಅವನು ಮೆಟ್ಟಿಲ ತನಕ ಬಂದ. ಗಾಡಿ ಎಲ್ಲಿ ಎಂದು ಕೇಳಿದ. ಅವಳು ನೆಲ ನೋಡುತ್ತ ಹೇಳಿದಳು: "ನಿಮ್ಮ ಗಾಡಿಗಳಿಗೆ ನನ್ನ ಕಂಡ್ರೆ ಆಗಲ್ಲ. ಅದಕ್ಕೆ ಬೀದಿ ಕೊನೇಲಿ ನಿಲ್ಲಿಸಿದ್ದೀನಿ."

ಅವನು ನಕ್ಕ. ಈ ಸಲ ಅವಳಿಗೆ ನೋವಾಗಲಿಲ್ಲ. ಬಸ್ ಸ್ಟಾಪಿನವರೆಗೂ ಅವಳ ಮುಖದಲ್ಲಿ ಏನೋ ಒಂದು ಬೆಳಕಿತ್ತು. ಬಸ್ಸು ಬಂದಾಗ ಅದು ಆರಿತು.

ಆಮೇಲೆ ವಾರಕ್ಕೊಂದು ಸಲ, ಮಂಗಳವಾರ. ಅವನು ಟಾರ್ಚ್ ಹಿಡಿಯುತ್ತಿದ್ದ, ಅವಳು ನರ ಹುಡುಕುತ್ತಿದ್ದಳು. ಎರಡು ತಲೆ ಒಂದು ಕೈಯ ಮೇಲೆ ಬಗ್ಗಿರುತ್ತಿದ್ದವು. ದೊಡ್ಡಮ್ಮ ಬೇಕೆಂದೇ ಕಣ್ಣು ಮುಚ್ಚಿ ಕಿವಿ ಮಾತ್ರ ತೆರೆದಿಡುತ್ತಿದ್ದರು, ಎಕ್ಸ್‌ಚೇಂಜಿನ ಅಭ್ಯಾಸ ಹೋಗುತ್ತದೆಯೇ! ಒಂದು ದಿನ ಅವನು ಅವಳ ಹೆಲ್ಮೆಟ್ಟಿನ ಕಿತ್ತುಹೋದ ಪಟ್ಟಿಯನ್ನು, ಅವಳು ರಕ್ತ ತೆಗೆದು ಮುಗಿಸುವಷ್ಟರಲ್ಲಿ, ಹೊಲಿದು ಕೊಟ್ಟ. ದಿನಕ್ಕೆ ಇನ್ನೂರು ಹೆಜ್ಜೆಗಿಂತ ಹೆಚ್ಚು ದಾರಿ ಸವೆಸದ ಹೆಲ್ಮೆಟ್ಟು ಅದು. ಅವನಿಗೆ ಧನ್ಯವಾದ ಹೇಳುವಾಗ ಅವಳ ನಾಲಿಗೆ ತೊದಲಿತು.

ಹೇಳಿಬಿಡಲೇ? ನಗುತ್ತಾನೆ. ಮತ್ತೆ ಆ ನಗು... ಬೇಡ.

ಒಂದೂವರೆ ತಿಂಗಳಾದ ಮೇಲೆ ಲ್ಯಾಬಿನ ಗಾಡಿ ಸರ್ವಿಸಿಗೆ ಹೋಯಿತು. ಲ್ಯಾಬಿನವರು ಮೊದಲಿನಿಂದಲೂ ಕಳಿಸುತ್ತಿದ್ದದ್ದು ಅವನ ಗ್ಯಾರೇಜಿಗೇ. ಮರಳಿ ಬಂದ ಗಾಡಿಯ ಹ್ಯಾಂಡಲ್ಲಿಗೆ ಒಂದು ಚೀಟಿ ಕಟ್ಟಿತ್ತು. ಪೆನ್ಸಿಲಿನ ದುಂಡು ಅಕ್ಷರ: ಕ್ಲಚ್ ಪ್ಲೇಟ್ ಸುಟ್ಟಿದೆ. ಪ್ಲೇಟ್ ಹಳೆಯದು. ಓಡಿಸುವವರ ತಪ್ಪಲ್ಲ. ಹೊಸದು ಬಂದ ಮೇಲೆ ಹಾಕಿಕೊಡುತ್ತೇನೆ.

ಅವಳು ಅದನ್ನು ನಾಲ್ಕು ಸಲ ಓದಿದಳು. ಕೆಳಗೆ ಮೀಟರಿನ ಲೆಕ್ಕವೂ ಇತ್ತು. ಗಾಡಿ ಅವಳ ಕೈಗೆ ಬರುವ ಮೊದಲಿನ ಸರ್ವಿಸಿನಿಂದ ಇಲ್ಲಿಗೆ, ಇಪ್ಪತ್ತೆರಡು ಕಿಲೋಮೀಟರು.

ಅವನಿಗೆ ಗೊತ್ತಾಗಿದೆ! ಅರ್ಧ ಕ್ಲಚ್ಚು ಹಿಡಿದು, ಮೊದಲನೇ ಗೇರಿನಲ್ಲೇ ನರಳಿದ ಗಾಡಿ ಮೆಕ್ಯಾನಿಕ್ಕಿನ ಮುಂದೆ ಏನನ್ನು ಮುಚ್ಚಿಟ್ಟೀತು? ಓಡಿಸುವವರ ತಪ್ಪಲ್ಲ... ಓಡಿಸಿದ್ದರೆ ತಾನೆ ತಪ್ಪು! ಅವನು ಗೇಲಿ ಮಾಡುತ್ತಿದ್ದಾನೆ. ಗ್ಯಾರೇಜಿನವರ ಜೊತೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಿರುತ್ತಾನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ. ತಪ್ಪು ಮಾಡಿದವರಿಗೆ ಒಳ್ಳೆಯ ಮಾತೂ ಚುಚ್ಚುತ್ತದೆ.

ಮುಂದಿನ ಮಂಗಳವಾರ ಅವಳು ಅವನ ಮುಖ ನೋಡಲಿಲ್ಲ. ಟಾರ್ಚ್ ಬೇಡ, ಬೆಳಕು ಸಾಕಷ್ಟಿದೆ ಅಂದಳು. ಅವನು ಟಾರ್ಚನ್ನು ಆರಿಸಿ ಕೆಳಗಿಳಿದು ಹೋದ.

* * *

ಅದೇ ಹೊತ್ತಿಗೆ ದೊಡ್ಡಮ್ಮನ ಡಾಕ್ಟರು ಮಾತ್ರೆ ಬದಲಿಸಿ, ವಾರವಾರ ಪೊಟ್ಯಾಸಿಯಂ ನೋಡಬೇಕೆಂದು ಬರೆದುಕೊಟ್ಟರು. ಅದುವರೆಗಿನ ಪರೀಕ್ಷೆಗಳು ತಡವಾದರೂ ಕೆಡುವಂಥವಲ್ಲ. ಇದು ಹಾಗಲ್ಲ. ತೆಗೆದ ರಕ್ತವನ್ನು ಒಂದು ಗಂಟೆಯೊಳಗೆ ಯಂತ್ರಕ್ಕೆ ಹಾಕಬೇಕು. ಹೊತ್ತು ಕಳೆದಷ್ಟೂ ರಕ್ತದ ಕಣಗಳೊಳಗಿನ ಪೊಟ್ಯಾಸಿಯಂ ಹೊರಗೆ ಸೋರಿ, ರಿಪೋರ್ಟಿನಲ್ಲಿ ಸುಳ್ಳೇ ಹೆಚ್ಚಾಗಿ ಕಾಣುತ್ತದೆ. ಐದು ವರ್ಷ ಯಂತ್ರದ ಮುಂದೆ ಕೂತವಳಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಮೊದಲ ರಿಪೋರ್ಟು: ಹೆಚ್ಚು. ಇರಬಹುದು, ವಯಸ್ಸಾದವರು, ಅಂದುಕೊಂಡಳು.

ಎರಡನೆಯದು: ಇನ್ನೂ ಹೆಚ್ಚು. ಅವತ್ತು ಬಸ್ಸು ಕೆಟ್ಟು ನಿಂತಿತ್ತು. ಅವಳಿಗೆ ಅನುಮಾನ ಬಂತು. ಬಂದ ಅನುಮಾನವನ್ನು ಏಳು ದಿನ ಹೊಟ್ಟೆಯೊಳಗೆ ಇಟ್ಟುಕೊಂಡಳು. ನಾಳೆ ಹೇಳುತ್ತೇನೆ, ನಾಳೆ ಹೇಳುತ್ತೇನೆ... ನಾಳೆ ಅನ್ನುವವರಿಗೆ ನಾಳೆಗಳೇನು ಕಡಿಮೆಯೇ?

ಮೂರನೇ ಮಂಗಳವಾರ ಅವಳು ಮೆಟ್ಟಿಲು ಹತ್ತಿದಾಗ ದೊಡ್ಡಮ್ಮ ದಿಂಬಿಗೆ ಒರಗಿ ಕೂತಿದ್ದರು. ಮಲಗಿದರೆ ಉಸಿರು ಕಟ್ಟುತ್ತದಂತೆ. ಕಾಲು ಎರಡೂ ಊದಿ ಹೊಳೆಯುತ್ತಿದ್ದವು. ಪೊಟ್ಯಾಸಿಯಂ ಏರಿದೆ ಎಂದು ಡಾಕ್ಟರು ಹೃದಯದ ಮಾತ್ರೆ ನಿಲ್ಲಿಸಿದ್ದರು, ಅದಕ್ಕೇ ಈ ಊತ. ಹಣ್ಣು ಬೇಡ, ಸೊಪ್ಪು ಬೇಡ ಅಂದಿದ್ದರು.

"ಇವತ್ತಿನ ರಿಪೋರ್ಟೂ ಹಾಗೇ ಬಂದ್ರೆ ಸಂಜೆ ಆಸ್ಪತ್ರೆಗೆ ಸೇರಿಸ್ಬೇಕಂತೆ," ಎಂದ ಅವನು. ಒಂದು ವಾರದಲ್ಲಿ ಅವನ ಮುಖ ಸೊರಗಿತ್ತು.

ಅವಳು ದೊಡ್ಡಮ್ಮನ ಕೈ ಹಿಡಿದಳು. ಸೂಜಿ ನರಕ್ಕಿಳಿಯಿತು, ಟ್ಯೂಬು ತುಂಬಿತು. ಹತ್ತಿ ಒತ್ತಿ ಪಟ್ಟಿ ಅಂಟಿಸಿದಳು. ಟ್ಯೂಬಿನ ಮೇಲೆ ಸಮಯ ಬರೆಯಬೇಕು. ಪೆನ್ನು ಎತ್ತಿದಳು. ಏಳು ಗಂಟೆ ಹತ್ತು ನಿಮಿಷ.

ಆ ಸಮಯ ಬರೆದು ಅವಳು ಪೆನ್ನು ಕೆಳಗಿಟ್ಟಳು.

"ಆ ಎರಡು ರಿಪೋರ್ಟೂ ಸುಳ್ಳು," ಎಂದಳು. "ಸುಳ್ಳು ಮಾಡಿದ್ದು ನಾನು."

ಹೇಳಲು ಎರಡು ನಿಮಿಷವೂ ಹಿಡಿಯಲಿಲ್ಲ. ಚಿತ್ರಮಂದಿರದ ಗೋಡೆ, ಬಸ್ಸು, ತಿದ್ದಿದ ಸಮಯ. ಎರಡು ತಿಂಗಳ ಮಾನ ಎರಡು ನಿಮಿಷದಲ್ಲಿ ಹೋಯಿತು. ಹೇಳಿ ಮುಗಿಸಿ ತಲೆಯೆತ್ತಿದರೆ ದೊಡ್ಡಮ್ಮ ಗೋಡೆಯ ಕಡೆಗೆ ಮುಖ ತಿರುಗಿಸಿದ್ದರು.

ಬೈದಿದ್ದರೆ ಚೆನ್ನಾಗಿತ್ತು. ಎರಡೇಟು ಹೊಡೆದಿದ್ದರೆ ಇನ್ನೂ ಚೆನ್ನಾಗಿತ್ತು.

ಅವನು ಮೂಲೆಯಿಂದ ತನ್ನ ಗಾಡಿಯ ಕೀ ತೆಗೆದುಕೊಂಡ. "ನಡೀರಿ. ಹೊತ್ತಾಗುತ್ತೆ," ಎಂದ. ಅಷ್ಟೇ.

ದಾರಿಯುದ್ದಕ್ಕೂ ಅವಳು ಅವನ ಬೆನ್ನು ಮಾತ್ರ ನೋಡಿದಳು. ಲ್ಯಾಬಿನ ಗೇಟಿನಲ್ಲಿ ಅವಳನ್ನು ಇಳಿಸಿ, ತಿರುಗಿಯೂ ನೋಡದೆ ಹೊರಟುಹೋದ. ಮುಗಿಯಿತು, ಅಂದುಕೊಂಡಳು ಅವಳು. ಇನ್ನು ಆ ಮನೆಯಲ್ಲಿ ನನ್ನ ಮುಖ ನೋಡುವವರು ಯಾರೂ ಇಲ್ಲ.

ರಿಪೋರ್ಟು ಸರಿಯಾಗಿತ್ತು. ಒಂದು ಚೂರೂ ಹೆಚ್ಚಿರಲಿಲ್ಲ. ಅದನ್ನು ಹಿಡಿದುಕೊಂಡೇ ಅವಳು ಡಾಕ್ಟರಮ್ಮನ ಮುಂದೆ ನಿಂತು ಎಲ್ಲವನ್ನೂ ಇನ್ನೊಂದು ಸಲ ಹೇಳಿದಳು. ಡಾಕ್ಟರಮ್ಮ ಮೊದಲು ಫೋನೆತ್ತಿ ದೊಡ್ಡಮ್ಮನ ಡಾಕ್ಟರಿಗೆ ವಿಷಯ ತಿಳಿಸಿದರು, ಮಾತ್ರೆ ಅವತ್ತೇ ಮತ್ತೆ ಶುರುವಾಯಿತು. ಆಮೇಲೆ ಕನ್ನಡಕ ತೆಗೆದಿಟ್ಟು ಇವಳನ್ನು ನೋಡಿದರು.

"ಬಸ್ಸಲ್ಲಿ ಹೋಗಿದ್ದು ತಪ್ಪಲ್ಲ. ಬೈಕ್ ಬರಲ್ಲ ಅಂದಿದ್ರೆ ಒಂದು ಸಲಕ್ಕೆ ಒಂದೇ ಮನೆ ಮಾಡು ಅಂತಿದ್ದೆ. ಸಮಯ ಯಾಕೆ ತಿದ್ದಿದೆ?"

"ನಾಚಿಕೆ ಆಯ್ತು ಮೇಡಂ."

"ಈಗ?"

"ಈಗ ಇನ್ನೂ ಜಾಸ್ತಿ ಆಗ್ತಿದೆ."

ಡಾಕ್ಟರಮ್ಮ ಎರಡು ತಿಂಗಳ ಪುಸ್ತಕ ತೆಗೆದು, ತಡವಾದರೆ ಕೆಡುವ ಪರೀಕ್ಷೆಗಳಿಗೆಲ್ಲ ಕೆಂಪು ಗುರುತು ಹಾಕಿದರು. ಒಂಬತ್ತು ಮನೆ. ತಾವೇ ಎಲ್ಲರಿಗೂ ಫೋನ್ ಮಾಡಿ ಎಚ್ಚರಿಸಿದರು. ಕೆಲಸದಿಂದ ತೆಗೆಯಲಿಲ್ಲ. ಅದಕ್ಕಿಂತ ದೊಡ್ಡ ಶಿಕ್ಷೆ ಕೊಟ್ಟರು: ಒಂಬತ್ತು ಮನೆಗೂ ಅವಳೇ ಹೋಗಬೇಕು, ಆದದ್ದನ್ನು ಅವಳ ಬಾಯಿಂದಲೇ ಹೇಳಬೇಕು, ಮತ್ತೆ ರಕ್ತ ತರಬೇಕು. ಹೇಗಾದರೂ ಹೋಗು, ಬಸ್ಸೋ ಕಾಲೋ, ಆದರೆ ನಿಜವಾದ ಸಮಯ ಬರಿ ಅಂದರು.

ಬಸ್ಸಿನಲ್ಲೇ ಹೋದಳು. ಒಂದು ಮನೆ, ಒಂದು ಟ್ಯೂಬು, ಲ್ಯಾಬಿಗೆ ವಾಪಸ್. ಒಬ್ಬರು ಬಾಗಿಲಲ್ಲೇ ನಿಲ್ಲಿಸಿ ಬೀದಿಗೆಲ್ಲ ಕೇಳುವ ಹಾಗೆ ಬೈದರು. ಒಬ್ಬರು, ಪಾಪ, ಅವಳಿಗೇ ನೀರು ಕೊಟ್ಟು ಕೂರಿಸಿದರು, ಅದನ್ನು ನುಂಗುವುದು ಬೈಗುಳಕ್ಕಿಂತ ಕಷ್ಟವಾಯಿತು. ಮನೆಯಲ್ಲಿ ಅಮ್ಮನಿಗೂ ಹೇಳಿದಳು. ಅಮ್ಮ ಎರಡು ದಿನ ನೆರೆಮನೆಯ ಕಡೆ ತಲೆ ಹಾಕಲಿಲ್ಲ, ಮೂರನೇ ದಿನ ತಾವಾಗಿ ಅವಳ ತಟ್ಟೆಗೆ ಅನ್ನ ಬಡಿಸಿದರು.

ಮೂರು ಮನೆ ಮುಗಿದವು. ದೊಡ್ಡಮ್ಮನ ಮನೆಗೆ ಮಾತ್ರ ಲ್ಯಾಬಿನ ಇನ್ನೊಬ್ಬ ಸಹೋದ್ಯೋಗಿಯನ್ನು ಕಳಿಸಿ ತಾನು ತಪ್ಪಿಸಿಕೊಂಡಳು. ಅದು ಕೊನೆಗಿರಲಿ. ಅಲ್ಲಿಗೆ ಹೋಗುವ ಮುಖ ಇನ್ನೂ ಬಂದಿಲ್ಲ.

* * *

ಹತ್ತನೇ ದಿನ ಅವನು ಲ್ಯಾಬಿನ ಅಂಗಳಕ್ಕೆ ಬಂದ. ಕೈಯಲ್ಲಿ ಹೊಸ ಕ್ಲಚ್ ಪ್ಲೇಟು. ಅವಳು ಹೊರಗೆ ಬಂದದ್ದನ್ನು ನೋಡಿಯೂ ನೋಡದವನ ಹಾಗೆ ಗಾಡಿಯ ಪಕ್ಕ ಕೂತು ಬಿಚ್ಚತೊಡಗಿದ.

"ದೊಡ್ಡಮ್ಮ ಹೇಗಿದ್ದಾರೆ?" ಅವಳ ದನಿ ಅವಳಿಗೇ ಕೇಳಿಸಲಿಲ್ಲ.

"ಕಾಲಿನ ಊತ ಇಳಿದಿದೆ. ಮಲಗಿ ನಿದ್ದೆ ಮಾಡ್ತಾರೆ."

ಅವಳ ಕಣ್ಣು ತುಂಬಿತು. ಅವನು ಸ್ಪ್ಯಾನರ್ ಕೆಳಗಿಟ್ಟ.

"ನನಗೆ ಮೊದಲೇ ಗೊತ್ತಿತ್ತು," ಎಂದ. "ಗಾಡಿ ಬಿಚ್ಚಿದ ದಿನವೇ. ಅವತ್ತೇ ನಿಮ್ಮನ್ನ ಕೇಳಿದ್ರೆ ದೊಡ್ಡಮ್ಮನಿಗೆ ಹಾಗಾಗ್ತಿರ್ಲಿಲ್ಲ. ಕೇಳ್ಲಿಲ್ಲ. ನಿಮ್ಮ ಲ್ಯಾಬಿನವರು ಓದ್ತಾರೆ ಅಂತ ಆ ಚೀಟಿ ಹಾಗೆ ಬರೆದೆ. ನಿಮ್ಮನ್ನ ಉಳಿಸ್ತಿದ್ದೀನಿ ಅಂದ್ಕೊಂಡೆ."

"ಗೇಲಿ ಮಾಡಿದ್ರಿ ಅಂದ್ಕೊಂಡಿದ್ದೆ..."

"ಗೇಲಿನಾ?" ಅವನು ನಿಜಕ್ಕೂ ಬೆರಗಾದ.

ಆಗ ಅವಳು ಅದನ್ನೂ ಹೇಳಿದಳು. ಆ ನಗು. ಗಾಡಿ ಹತ್ತಿದಾಗಲೆಲ್ಲ ಕಿವಿಯಲ್ಲಿ ಕೇಳುವ ನಗು. ಅದು ಕೇಳಿದರೆ ಸಾಕು, ಕಾಲು ಎರಡನೇ ಗೇರಿಗೆ ಏಳುವುದೇ ಇಲ್ಲ.

ಅವನ ಮುಖ ಕಪ್ಪಿಟ್ಟಿತು. ಬೇರೆ ಯಾರಾದರೂ ಆಗಿದ್ದರೆ ನಿಮ್ಮನ್ನು ನೋಡಿ ನಕ್ಕದ್ದಲ್ಲ, ಇನ್ನೇನೋ ನೆನಪಾಯಿತು ಎಂದು ಜಾರಿಕೊಳ್ಳುತ್ತಿದ್ದರು. ಅವನು ಜಾರಿಕೊಳ್ಳಲಿಲ್ಲ.

"ನಿಮ್ಮನ್ನ ನೋಡಿಯೇ ನಕ್ಕಿದ್ದು. ಬಿದ್ದವರನ್ನ ನೋಡಿ ನಗೋದು ಗ್ಯಾರೇಜಿನವರ ಕೆಟ್ಟ ಚಾಳಿ. ಒಂದು ನಗು ಎರಡು ತಿಂಗಳು ಒಬ್ಬರನ್ನ ಬಸ್ಸಲ್ಲಿ ಓಡಾಡಿಸುತ್ತೆ ಅಂತ ನನಗೆ ಗೊತ್ತಿರ್ಲಿಲ್ಲ. ತಪ್ಪಾಯ್ತು."

ಅಂಗಳದಲ್ಲಿ ಇಬ್ಬರೂ ತಲೆತಗ್ಗಿಸಿ ನಿಂತರು. ಯಾರು ಯಾರನ್ನು ಕ್ಷಮಿಸಬೇಕು ಎಂಬುದೇ ಗೊತ್ತಾಗದಂಥ ಹೊತ್ತು.

ಕೊನೆಗೆ ಅವನೇ ಕೇಳಿದ, ಕಲಿಸಿಕೊಡಲೇ ಎಂದು. ಕನಿಕರ ಬೇಡ ಎಂದಳು ಅವಳು. ಕನಿಕರ ಅಲ್ಲ, ಕೆಟ್ಟದ್ದನ್ನು ರಿಪೇರಿ ಮಾಡುವುದು ನನ್ನ ಕಸುಬು ಎಂದ ಅವನು. ಅವಳಿಗೆ ಅಳುವಿನ ನಡುವೆಯೇ ನಗು ಬಂತು.

* * *

ಭಾನುವಾರ ತರಕಾರಿ ಮಾರುಕಟ್ಟೆಗೆ ರಜೆ. ಲಾರಿಗಳು ನಿಲ್ಲುವ ಆ ದೊಡ್ಡ ಅಂಗಳದಲ್ಲಿ ಅವನು ಮಾಡಿದ ಮೊದಲ ಕೆಲಸ ಏನು ಗೊತ್ತೇ? ಲ್ಯಾಬಿನ ಗಾಡಿಯನ್ನು ಮೆಲ್ಲಗೆ ನೆಲದ ಮೇಲೆ ಮಲಗಿಸಿಬಿಟ್ಟ!

"ಎತ್ತಿ," ಎಂದ.

"ಓಡಿಸೋದು ಹೇಳಿಕೊಡ್ತೀರಿ ಅಂದ್ಕೊಂಡೆ."

"ನಿಮಗೆ ಭಯ ಇರೋದು ಓಡಿಸೋದಕ್ಕಲ್ಲ, ಬಿದ್ಮೇಲೆ ನಾಲ್ಕು ಜನ ನೋಡ್ತಾರಲ್ಲ, ಅದಕ್ಕೆ. ಎತ್ತೋದು ಗೊತ್ತಿದ್ರೆ ಆ ನಾಲ್ಕು ಜನದ ಕೆಲಸ ಬೇಗ ಮುಗಿಯುತ್ತೆ."

ಅವಳು ಹ್ಯಾಂಡಲ್ ಹಿಡಿದು ಎಳೆದಳು. ಗಾಡಿ ಅಲುಗಲಿಲ್ಲ. ಅವನು ಕೈ ಹಚ್ಚಲಿಲ್ಲ, ಬಾಯಲ್ಲಿ ಹೇಳಿದ. ಗೇರಿನಲ್ಲಿರಲಿ, ಚಕ್ರ ಉರುಳದು. ಹ್ಯಾಂಡಲ್ಲನ್ನು ನೆಲದ ಕಡೆಗೆ ಪೂರ್ತಿ ತಿರುಗಿಸಿ. ಗಾಡಿಗೆ ಬೆನ್ನು ಕೊಡಿ, ಸೀಟಿನ ಅಂಚಿಗೆ ಸೊಂಟ ಒತ್ತಿ, ಒಂದು ಕೈ ಹ್ಯಾಂಡಲ್ಲಿಗೆ, ಒಂದು ಕೈ ಹಿಂದಿನ ಹಿಡಿಗೆ. ಈಗ ಕೈಯಿಂದ ಎತ್ತಬೇಡಿ, ಕಾಲಿನಿಂದ ಹಿಂದಕ್ಕೆ ನಡೆಯಿರಿ. ಸಣ್ಣ ಸಣ್ಣ ಹೆಜ್ಜೆ.

ಒಂದು ಹೆಜ್ಜೆ... ಎರಡು... ಗಾಡಿ ಅವಳ ಬೆನ್ನ ಹಿಂದೆ ಎದ್ದು ನಿಂತಿತು. ನೂರಿಪ್ಪತ್ತು ಕಿಲೋ ತೂಕ! ಅವಳಿಗೆ ನಂಬಲಾಗಲಿಲ್ಲ.

ಅವನು ಮತ್ತೆ ಮಲಗಿಸಿದ. "ಇನ್ನೊಂದ್ಸಲ."

ಅವತ್ತು ಹನ್ನೊಂದು ಸಲ ಎತ್ತಿದಳು. ಮಾರನೇ ಭಾನುವಾರ ಓಡಿಸಿದಳು, ಬಿದ್ದಳು. ದೂರದಲ್ಲಿ ಲಾರಿಯವರಿಬ್ಬರು ನೋಡುತ್ತಿದ್ದರು. ಮುಖಕ್ಕೆ ಬಿಸಿ ಏರಿತು, ಕಿವಿ ಸುಟ್ಟಿತು. ಆದರೆ ಅವಳು ಎದ್ದು, ಬೆನ್ನು ಕೊಟ್ಟು, ಎತ್ತಿ ನಿಲ್ಲಿಸಿ, ಹತ್ತಿ ಹೊರಟಳು. ಲಾರಿಯವರು ತಮ್ಮ ಚಹಾದ ಕಡೆ ತಿರುಗಿದರು. ನಾಚಿಕೆಗೂ ಒಂದು ಅಳತೆ ಇದೆ, ಅದನ್ನು ದಾಟಿದ ಮೇಲೆ ದಾರಿ ಇದೆ ಎಂದು ಅವತ್ತು ಅವಳಿಗೆ ಗೊತ್ತಾಯಿತು. ಎರಡನೇ ಗೇರು ಯಾವಾಗ ಬಿತ್ತು ಎಂಬುದೇ ತಿಳಿಯಲಿಲ್ಲ.

ಅವನು ಹೆಚ್ಚು ಮಾತಾಡುವವನಲ್ಲ. ಗುಂಡಿಯನ್ನು ನೋಡಬೇಡಿ, ಹೋಗಬೇಕಾದ ಕಡೆ ನೋಡಿ ಅನ್ನುತ್ತಿದ್ದ. ಅವಳು ಸರಿಯಾಗಿ ತಿರುಗಿಸಿದಾಗ ಬೇರೆ ಕಡೆ ನೋಡಿ ಮುಗುಳ್ನಗುತ್ತಿದ್ದ. ನಗಬೇಡಿ ಅಂತ ನಾನೇನೂ ಹೇಳಿಲ್ಲವಲ್ಲ ಎಂದು ಅವಳಿಗೆ ಅನ್ನಿಸುತ್ತಿತ್ತು. ಆದರೆ ದೊಡ್ಡಮ್ಮನ ಮುಖ ಗೋಡೆಯ ಕಡೆ ತಿರುಗಿರುವ ತನಕ ಅವನ ಮುಂದೆ ಅಂಥ ಮಾತಾಡುವ ಹಕ್ಕು ತನಗೆಲ್ಲಿದೆ?

ಉಳಿದ ಐದು ಮನೆಗಳನ್ನು ಗಾಡಿಯಲ್ಲೇ ಮುಗಿಸಿದಳು. ಒಂಬತ್ತನೆಯದು ಉಳಿಯಿತು.

* * *

ಆ ಮಂಗಳವಾರ ಅವಳು ಗ್ಯಾರೇಜಿನ ಮುಂದೆಯೇ ಗಾಡಿ ನಿಲ್ಲಿಸಿ ಮೆಟ್ಟಿಲು ಹತ್ತಿದಳು. ಬಾಗಿಲು ತೆರೆದೇ ಇತ್ತು. ದೊಡ್ಡಮ್ಮ ಕುರ್ಚಿಯಲ್ಲಿ ಕೂತು ಹಣ್ಣು ಹೆಚ್ಚುತ್ತಿದ್ದರು. ಅವಳನ್ನು ನೋಡಿ ಚಾಕು ಕೆಳಗಿಟ್ಟರು.

"ದೊಡ್ಡಮ್ಮಾ, ನನ್ನಿಂದ ನಿಮ್ಮ ಜೀವಕ್ಕೇ..." ಎಂದು ಶುರುಮಾಡಿದಳು ಅವಳು.

"ಒಂದು ತಿಂಗಳು ಬೇಕಾಯ್ತಾ ಈ ಮೆಟ್ಟಿಲು ಹತ್ತೋಕೆ?"

"ನೀವು ಮುಖ ತಿರುಗಿಸಿದ್ರಿ..."

"ತಿರುಗಿಸ್ದೆ ಮತ್ತೆ! ಕೋಪ ಬಂದಿತ್ತು. ಕೋಪ ಬಂದ್ರೆ ಮುಖ ತಿರುಗಿಸ್ತಾರೆ, ಕೋಪ ಇಳಿದ್ಮೇಲೆ ಈ ಕಡೆ ತಿರುಗ್ತಾರೆ. ನೋಡೋಕೆ ನೀನಿದ್ರೆ ತಾನೆ?" ದೊಡ್ಡಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ತೋಳು ಚಾಚಿದರು. ಮೊಣಕೈಯ ಬಳಿ ನೀಲಿ ಕಲೆಗಳು. "ನೀನು ಕಳಿಸಿದ ಆ ಮಹಾರಾಯ ನನ್ನ ಕೈನ ಜರಡಿ ಮಾಡಿದ್ದಾನೆ ನೋಡು. ಸುಳ್ಳು ಹೇಳಿದ್ದಕ್ಕೆ ನಿನ್ನ ಮೇಲೆ ಎಷ್ಟು ಸಿಟ್ಟಿತ್ತೋ, ಅವನನ್ನ ಕಳಿಸಿದ್ದಕ್ಕೆ ಅದಕ್ಕಿಂತ ಜಾಸ್ತಿ ಇದೆ. ತಗೋ, ಇನ್ಮುಂದೆ ನೀನೇ ಬಾ. ಆದ್ರೆ ಇನ್ನೊಂದ್ಸಲ ಸುಳ್ಳು ಬರೆದ್ರೆ..."

"ಬರೆಯಲ್ಲ ದೊಡ್ಡಮ್ಮ."

"ಗೊತ್ತು. ಬರೆಯೋರು ಒಂಬತ್ತು ಬಾಗಿಲು ತಟ್ಟಿ ಬೈಸಿಕೊಳ್ಳಲ್ಲ."

ಸೂಜಿಯಕ್ಕ ಆ ಕೈಯನ್ನು ತನ್ನ ಅಂಗೈಯಲ್ಲಿ ಉಜ್ಜುತ್ತ ಉಜ್ಜುತ್ತ ಅತ್ತುಬಿಟ್ಟಳು. ದೊಡ್ಡಮ್ಮ ಅಳಲು ಬಿಟ್ಟರು. ಅಳು ಮುಗಿದ ಮೇಲೆ ಒಂದೇ ಚುಚ್ಚು.

ಟ್ಯೂಬು ಡಬ್ಬಿಗೆ ಹೋಯಿತು. ಕೆಳಗಿಳಿದು ಬಂದರೆ ಮೆಟ್ಟಿಲ ಬುಡದಲ್ಲಿ ಅವನು ನಿಂತಿದ್ದ. ಕೈಗೆ ಅಂಟಿದ ಗ್ರೀಸನ್ನು ಬಟ್ಟೆಯಿಂದ ಒರೆಸುತ್ತಿದ್ದ, ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದ.

"ನಿಮ್ಮ ಹತ್ರ ಒಂದು ಮಾತು..."

"ಈಗ ಆಗಲ್ಲ. ಒಂದು ಗಂಟೇಲಿ ಇದು ಲ್ಯಾಬಲ್ಲಿರ್ಬೇಕು."

"ಒಂದೇ ನಿಮಿಷ."

"ಇಲ್ಲ," ಎಂದಳು ಅವಳು. ಎದೆ ಗಟ್ಟಿಮಾಡಿಕೊಂಡು ಹೇಳಿದಳು: "ಹಿಂದೆ ಹತ್ತಿ. ದಾರೀಲಿ ಹೇಳಿ."

ಅವನು ಗಾಡಿಯನ್ನು ನೋಡಿದ, ಅವಳನ್ನು ನೋಡಿದ. "ಯಾರನ್ನಾದ್ರೂ ಹಿಂದೆ ಕೂರಿಸ್ಕೊಂಡು ಓಡಿಸಿದ್ದೀರಾ?"

"ಇಲ್ಲ. ಭಯ ಆಗ್ತಿದೆ."

ಅವನು ಗೋಡೆಯ ಮೊಳೆಯಿಂದ ಹೆಲ್ಮೆಟ್ ತೆಗೆದು ಹಾಕಿಕೊಂಡು ಹತ್ತಿದ. ಗಾಡಿ ಎರಡು ಬೆರಳು ಕುಸಿಯಿತು. ಹ್ಯಾಂಡಲ್ಲಿನ ತೂಕವೇ ಬೇರೆಯಾಯಿತು. ಅವಳು ಕ್ಲಚ್ ನಿಧಾನವಾಗಿ ಬಿಟ್ಟಳು, ಗಾಡಿ ಒಮ್ಮೆ ತೂರಾಡಿ, ಸರಿಹೋಗಿ, ಬೀದಿಗಿಳಿಯಿತು. ಔಷಧದಂಗಡಿಯವರು ನೋಡುತ್ತಿದ್ದರು. ನೋಡಲಿ.

ಮೊದಲ ತಿರುವು ದಾಟಿತು. ಎರಡನೆಯದು ದಾಟಿತು. ಹಿಂದಿನಿಂದ ಮಾತೇ ಇಲ್ಲ.

"ಲ್ಯಾಬು ಬಂದುಬಿಡುತ್ತೆ," ಎಂದಳು ಅವಳು ಮುಂದೆ ನೋಡುತ್ತಲೇ.

"ಮುಖ ನೋಡದೆ ಹೇಳೋದು ಸುಲಭ ಅಂದ್ಕೊಂಡಿದ್ದೆ. ಅಲ್ಲ." ಅವನು ಉಸಿರೆಳೆದುಕೊಂಡದ್ದು ಅವಳ ಬೆನ್ನಿಗೆ ತಿಳಿಯಿತು. "ನೀವಂದ್ರೆ ನನಗೆ ತುಂಬ ಇಷ್ಟ. ಟಾರ್ಚ್ ಬೇಡ ಅಂದ್ರಲ್ಲ, ಆ ದಿನದಿಂದ ಸರಿಯಾಗಿ ಊಟ ಮಾಡಿಲ್ಲ ನಾನು."

ಗಾಳಿ ಬೀಸುತ್ತಿತ್ತು. ಅವಳ ಕಣ್ಣು ರಸ್ತೆಯ ಮೇಲಿತ್ತು. ಭಯ ಯಾವಾಗಲೋ ಹೋಗಿತ್ತು.

"ಕೇಳಿಸ್ತಾ?" ಎಂದ ಅವನು, ಅಳುಕುತ್ತ.

ಕೇಳಿಸಲಿಲ್ಲ ಎಂದುಬಿಟ್ಟರೆ ಅವನು ಇನ್ನೊಂದು ಸಲ ಹೇಳುತ್ತಾನೆ. ಎಷ್ಟು ಸಣ್ಣ ಸುಳ್ಳು, ಎಷ್ಟು ಸಿಹಿಯಾದ ಸುಳ್ಳು!

"ಕೇಳಿಸ್ತು," ಎಂದಳು ಸೂಜಿಯಕ್ಕ. "ನನಗೂ ನೀವಂದ್ರೆ ಇಷ್ಟ. ಇನ್ನೊಂದ್ಸಲ ಹೇಳಿ."

ಅವನು ಇನ್ನೊಂದು ಸಲ ಹೇಳಿದ.